ಕೆಂಪು ಪಂಪು, ಹಸಿರು ಪಂಪು: ಭೂಗೋಳದ ತರಗತಿಯಲ್ಲಿ ಬಾಂಗ್ಲಾದೇಶ

‘ಅಭಿವೃದ್ಧಿಶೀಲ ರಾಷ್ಟ್ರವೊಂದರ ಸಾಮಾಜಿಕ ಸಮಸ್ಯೆಗಳನ್ನು ಬರೆಯಿರಿ’. ಯಾವ ದೇಶದ ಭೂಗೋಳ ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೂ ಉತ್ತರ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ: ಬಡತನ, ಅನಕ್ಷರತೆ, ಜನಸಂಖ್ಯೆಯ ಹೆಚ್ಚಳ, ಪ್ರವಾಹ, ರೋಗರುಜಿನ. ಐದು ಅಂಕಕ್ಕೆ ಐದು ಅಂಶ. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಬರೆಯುತ್ತಾರೆ, ಮರೆಯುತ್ತಾರೆ.

ಇಂಗ್ಲೆಂಡಿನ ಶಾಲಾ ಭೂಗೋಳದಲ್ಲಿ ಇಂಥ ಪಾಠಕ್ಕೆ ಬಹುಕಾಲದಿಂದ ಉದಾಹರಣೆಯಾಗಿ ಬಂದಿರುವ ದೇಶ ಬಾಂಗ್ಲಾದೇಶ. ಅಲ್ಲಿನ ಪ್ರವಾಹ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳಿಗೆ ‘ಕೇಸ್ ಸ್ಟಡಿ’. ಪೂರ್ವ ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್‌ನಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಜನ ಬಾಂಗ್ಲಾ ಮೂಲದವರು. ಬಹುಪಾಲು ಸಿಲ್ಹೆಟ್ ಕಡೆಯಿಂದ ಬಂದವರು. ಅಲ್ಲಿನ ಶಾಲೆಯ ಮಗುವಿಗೆ ತನ್ನ ಅಜ್ಜ ಅಜ್ಜಿಯ ನಾಡು ಪಠ್ಯಪುಸ್ತಕದಲ್ಲಿ ಸಿಗುವುದು ಸಮಸ್ಯೆಗಳ ಪಟ್ಟಿಯಾಗಿ.

ಪಟ್ಟಿಯಲ್ಲಿ ಇರುವುದೆಲ್ಲ ನಿಜವೇ. ಆದರೆ ಈ ಸಮಸ್ಯೆ ಯಾವ ವರ್ಷದ್ದು, ಯಾವ ನೆಲದ್ದು, ಯಾರ ಮನೆಗೆ ಹೆಚ್ಚು ಬಡಿಯಿತು, ಅದನ್ನು ಎದುರಿಸಲು ಅಲ್ಲಿಯ ಜನ ಏನು ಮಾಡಿದರು ಎಂಬುದು ಪಟ್ಟಿಯಲ್ಲಿ ಇರುವುದಿಲ್ಲ. ಈ ನಾಲ್ಕು ಪ್ರಶ್ನೆ ಕೇಳಿದ ತಕ್ಷಣ ಅದೇ ಬಾಂಗ್ಲಾದೇಶ ಬೇರೆಯಾಗಿ ಕಾಣತೊಡಗುತ್ತದೆ.

ಮೊದಲು ನಕ್ಷೆ ನೋಡೋಣ. ಬಾಂಗ್ಲಾದೇಶದ ವಿಸ್ತೀರ್ಣ ಸುಮಾರು 1.48 ಲಕ್ಷ ಚದರ ಕಿಲೋಮೀಟರ್. ಕರ್ನಾಟಕದ್ದು 1.92 ಲಕ್ಷ. ಅಂದರೆ ನಮ್ಮ ರಾಜ್ಯಕ್ಕಿಂತ ಚಿಕ್ಕ ನೆಲ. ಅಲ್ಲಿ 2022ರ ಜನಗಣತಿಯ ಪ್ರಕಾರ 16.5 ಕೋಟಿಗೂ ಹೆಚ್ಚು ಜನ. ಗಂಗೆ ಅಲ್ಲಿ ಪದ್ಮಾ ಆಗುತ್ತಾಳೆ, ಬ್ರಹ್ಮಪುತ್ರ ಜಮುನಾ ಆಗುತ್ತದೆ, ಎರಡೂ ಮೇಘನಾ ಜೊತೆ ಸೇರಿ ಬಂಗಾಳ ಕೊಲ್ಲಿಗೆ ಇಳಿಯುತ್ತವೆ. ದೇಶದ ಬಹುಭಾಗ ಈ ನದಿಗಳು ತಂದು ಹಾಸಿದ ಮೆಕ್ಕಲು ಮಣ್ಣು. ಬತ್ತ ಅಷ್ಟು ಚೆನ್ನಾಗಿ ಬೆಳೆಯುವುದೂ, ಅಷ್ಟು ಜನ ಅಲ್ಲಿ ನೆಲೆ ನಿಂತಿದ್ದೂ ಆ ಮಣ್ಣಿನಿಂದಲೇ. ಮನೆಗಳಿಗೆ ನೀರು ನುಗ್ಗುವುದಕ್ಕೂ ಅದೇ ತಗ್ಗು ನೆಲ ಕಾರಣ.

ಮೊದಲ ಪಾಠ ಚಂಡಮಾರುತದ್ದು.

1970ರ ನವೆಂಬರ್ 12ರ ರಾತ್ರಿ ಭೋಲಾ ದ್ವೀಪದ ಸುತ್ತಮುತ್ತ ಅಪ್ಪಳಿಸಿದ ಚಂಡಮಾರುತದಲ್ಲಿ ಸತ್ತವರು ಮೂರರಿಂದ ಐದು ಲಕ್ಷ ಎಂಬುದು ಅಂದಾಜು. ಆಗ ಅದಿನ್ನೂ ಪೂರ್ವ ಪಾಕಿಸ್ತಾನ. 1991ರ ಏಪ್ರಿಲ್ 29ರ ಚಂಡಮಾರುತದಲ್ಲಿ ಸುಮಾರು 1.4 ಲಕ್ಷ ಜನ ಹೋದರು. 2007ರ ‘ಸಿಡ್ರ್’ ಚಂಡಮಾರುತವೂ ಭೀಕರವಾದದ್ದೇ; ಸತ್ತವರು ಸುಮಾರು 3,400. 2020ರ ‘ಆಂಫಾನ್’ ಬಂದಾಗ ಬಾಂಗ್ಲಾದೇಶ 20 ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ಸುರಕ್ಷಿತ ಜಾಗಕ್ಕೆ ಕಳಿಸಿತ್ತು. ಅಲ್ಲಿ ಸಾವಿನ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ.

ಗಾಳಿಯೇನೂ ಸೌಮ್ಯವಾಗಿರಲಿಲ್ಲ. ಬದಲಾದದ್ದು ಊರುಗಳಲ್ಲಿನ ಸಿದ್ಧತೆ. ಸ್ವಾತಂತ್ರ್ಯ ಬಂದ ಬೆನ್ನಿಗೇ, 1970ರ ದಶಕದ ಮೊದಲ ವರ್ಷಗಳಲ್ಲಿ, ಸರ್ಕಾರ ಮತ್ತು ರೆಡ್ ಕ್ರೆಸೆಂಟ್ ಸೇರಿ ಚಂಡಮಾರುತ ಸನ್ನದ್ಧತಾ ಕಾರ್ಯಕ್ರಮ ಶುರುಮಾಡಿದವು. ಹಳ್ಳಿಯ ಸ್ವಯಂಸೇವಕರು ಸೈಕಲ್ಲಿನಲ್ಲಿ, ಕಾಲ್ನಡಿಗೆಯಲ್ಲಿ ಮೆಗಾಫೋನ್ ಹಿಡಿದು ಕೂಗುತ್ತಾರೆ. ಎತ್ತರದ ಕಂಬಕ್ಕೆ ಬಾವುಟ ಏರಿಸುತ್ತಾರೆ. ಅಪಾಯ ಏರಿದಂತೆ ಬಾವುಟ ಒಂದು, ಎರಡು, ಮೂರು ಆಗುತ್ತದೆ. ಓದು ಬಾರದವರಿಗೂ ಬಾವುಟ ಎಣಿಸಲು ಬರುತ್ತದೆ.

ಇಲ್ಲಿ ‘ಯಾರಿಗೆ’ ಎಂಬ ಪ್ರಶ್ನೆ ಮುಖ್ಯ. 1991ರಲ್ಲಿ ಸತ್ತವರಲ್ಲಿ ಗಂಡಸರಿಗಿಂತ ಹೆಂಗಸರ ಪ್ರಮಾಣ ತುಂಬ ಹೆಚ್ಚಿತ್ತು. ಗಂಡನೋ ಅತ್ತೆಯೋ ಹೂಂ ಅನ್ನದೆ ಹೊಸಿಲು ದಾಟದವರು, ಮಕ್ಕಳನ್ನು ಬಿಟ್ಟು ಓಡಲಾರದವರು, ಗಂಡಸರೇ ತುಂಬಿದ ಆಶ್ರಯ ಕಟ್ಟಡಕ್ಕೆ ಹೋಗಲು ಹಿಂಜರಿದವರು ಮನೆಯಲ್ಲೇ ಉಳಿದರು. ಆ ಪಾಠ ಕಲಿತ ಮೇಲೆ ಆಶ್ರಯ ಕಟ್ಟಡಗಳಲ್ಲಿ ಹೆಂಗಸರಿಗೆ ಬೇರೆ ಕೋಣೆ ಬಂತು, ಸ್ವಯಂಸೇವಕರಲ್ಲಿ ಮಹಿಳೆಯರ ಸಂಖ್ಯೆ ಏರಿತು. ಈಗ 70 ಸಾವಿರ ದಾಟಿರುವ ಆ ಪಡೆಯಲ್ಲಿ ಸುಮಾರು ಅರ್ಧದಷ್ಟು ಮಹಿಳೆಯರೇ. ಮಹಿಳೆಯೇ ಬಂದು ಬಾಗಿಲು ತಟ್ಟಿದರೆ ಒಳಗಿರುವ ಮಹಿಳೆ ಹೊರಡುವುದು ಸುಲಭ.

ಎರಡನೇ ಪಾಠ ಭೇದಿಯದ್ದು.

ಮೆಕ್ಕಲು ನಾಡಿನಲ್ಲಿ ಕೆರೆಕುಂಟೆಗೆ ಬರವಿಲ್ಲ. ಜನ ಕುಡಿಯುತ್ತಿದ್ದುದೂ ಅದೇ ನೀರನ್ನು. ವಾಂತಿಭೇದಿ, ಕಾಲರಾ ಮಕ್ಕಳನ್ನು ಸಾಲುಸಾಲಾಗಿ ಒಯ್ಯುತ್ತಿದ್ದವು. 1970ರ ಸುಮಾರಿಗೆ ಹುಟ್ಟಿದ ಸಾವಿರ ಮಕ್ಕಳಲ್ಲಿ 200ಕ್ಕೂ ಹೆಚ್ಚು ಮಕ್ಕಳು ಐದು ವರ್ಷ ತುಂಬುವುದರೊಳಗೆ ಸಾಯುತ್ತಿದ್ದರು.

ಉಪ್ಪು ಸಕ್ಕರೆಯ ದ್ರಾವಣದಿಂದ ಕಾಲರಾ ರೋಗಿಯನ್ನು ಉಳಿಸಬಹುದು ಎಂದು ಢಾಕಾದ ಕಾಲರಾ ಸಂಶೋಧನಾಲಯದ ವೈದ್ಯರು 1968ರಲ್ಲಿ ತೋರಿಸಿದ್ದರು. 1971ರ ಯುದ್ಧಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಅವರ ಬಳಿ ಡ್ರಿಪ್ ಬಾಟಲಿ ಸಾಲದೇ ಹೋಯಿತು. ಅವರು ಡ್ರಮ್ಮುಗಳಲ್ಲಿ ದ್ರಾವಣ ಕಲಸಿ, ರೋಗಿಯ ಮನೆಯವರ ಕೈಯಲ್ಲೇ ಲೋಟ ಕೊಟ್ಟು ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅವರಿಗೆ 2023ರಲ್ಲಿ ಮರಣೋತ್ತರ ಪದ್ಮವಿಭೂಷಣ ಬಂತು.

ಔಷಧ ಗೊತ್ತಾಯಿತು. ಹಳ್ಳಿಗೆ ಮುಟ್ಟಿಸುವುದು ಹೇಗೆ? ಫಜ್ಲೆ ಹಸನ್ ಆಬೆದ್ ಕಟ್ಟಿದ ‘ಬ್ರ್ಯಾಕ್’ ಸಂಸ್ಥೆ 1980ರಿಂದ ಹತ್ತು ವರ್ಷ ಮನೆಮನೆಗೆ ಕಾರ್ಯಕರ್ತೆಯರನ್ನು ಕಳಿಸಿತು. ಅವರು ಕಲಿಸಿದ್ದು ಇಷ್ಟೇ: ಮೂರು ಬೆರಳಿಗೆ ಸಿಗುವಷ್ಟು ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಕಾರ್ಯಕರ್ತೆ ಹೇಳಿ ಎದ್ದುಬರುವಂತಿರಲಿಲ್ಲ. ತಾಯಿಯ ಕೈಯಿಂದಲೇ ಕಲಸಿಸಬೇಕು. ಅರ್ಧ ಸೇರು ಎಲ್ಲಿಗೆ ಬರುತ್ತದೆ ಎಂದು ಅವಳ ಮನೆಯ ಪಾತ್ರೆಯಲ್ಲೇ ಗುರುತು ಮಾಡಿಕೊಡಬೇಕು. ಕೆಲವು ವಾರ ಬಿಟ್ಟು ಇನ್ನೊಬ್ಬರು ಬಂದು ಆಯ್ದ ಮನೆಗಳಲ್ಲಿ ಪರೀಕ್ಷೆ ಮಾಡುತ್ತಿದ್ದರು. ತಾಯಿಗೆ ಎಷ್ಟು ನೆನಪಿದೆಯೋ ಅದರ ಮೇಲೆ ಕಾರ್ಯಕರ್ತೆಗೆ ಸಂಬಳ. ಹೀಗೆ ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಈ ಕಲಿಕೆ ಮುಟ್ಟಿತು. ಇದರೊಂದಿಗೆ ಲಸಿಕೆ, ಹೆಣ್ಣುಮಕ್ಕಳ ಓದು, ಕುಟುಂಬ ಯೋಜನೆ ಎಲ್ಲ ಸೇರಿ ಐದರೊಳಗಿನ ಮಕ್ಕಳ ಸಾವು ಈಗ ಸಾವಿರಕ್ಕೆ 30ರ ಆಸುಪಾಸಿಗೆ ಬಂದಿದೆ. 1970ರ ದಶಕದ ಆರಂಭದಲ್ಲಿ ಒಬ್ಬ ತಾಯಿಗೆ ಸರಾಸರಿ ಸುಮಾರು ಏಳು ಮಕ್ಕಳು. ಈಗ ಎರಡಕ್ಕಿಂತ ಸ್ವಲ್ಪ ಹೆಚ್ಚು. ‘ಜನಸಂಖ್ಯಾ ಸ್ಫೋಟ’ ಎಂದು ಬರೆದು ಮುಂದಿನ ಅಂಶಕ್ಕೆ ಹೋಗುವ ವಿದ್ಯಾರ್ಥಿಗೆ ಈ ಇಳಿಕೆ ಗೊತ್ತೇ ಆಗುವುದಿಲ್ಲ.

ಮೂರನೇ ಪಾಠ ಎಲ್ಲಕ್ಕಿಂತ ಕಷ್ಟದ್ದು. ಇಲ್ಲಿ ಪರಿಹಾರದಿಂದಲೇ ಸಮಸ್ಯೆ ಹುಟ್ಟಿತು.

ಕೆರೆ ನೀರಿನ ರೋಗ ತಪ್ಪಿಸಲು 1970ರ ದಶಕದಲ್ಲಿ ಸರ್ಕಾರ ಮತ್ತು ಯುನಿಸೆಫ್ ಸೇರಿ ಹಳ್ಳಿಹಳ್ಳಿಯಲ್ಲಿ ಕೊಳವೆಬಾವಿ ಕೊರೆಸಿ ಕೈಪಂಪು ಹಾಕಿಸಿದವು. ಮೃದು ಮಣ್ಣಿನಲ್ಲಿ ಕೊಳವೆ ಇಳಿಸುವುದು ಸುಲಭ, ಖರ್ಚೂ ಕಡಿಮೆ. ಜನ ತಮ್ಮದೇ ದುಡ್ಡಿನಲ್ಲಿ ಲಕ್ಷಾಂತರ ಬಾವಿ ಕೊರೆಸಿಕೊಂಡರು. ನೀರು ತಿಳಿಯಾಗಿತ್ತು, ರುಚಿಯಾಗಿತ್ತು. ಆದರೆ ಅದರಲ್ಲಿ ಆರ್ಸೆನಿಕ್ ಎಂಬ ವಿಷವಿತ್ತು; ಆಗಿನ ನೀರು ಪರೀಕ್ಷೆಯಲ್ಲಿ ಅದನ್ನು ನೋಡುವ ರೂಢಿಯೇ ಇರಲಿಲ್ಲ.

ಆರ್ಸೆನಿಕ್ ಎಲ್ಲಿಂದ ಬಂತು? ಕಾರ್ಖಾನೆಯಿಂದ ಅಲ್ಲ, ಹಿಮಾಲಯದಿಂದ. ನದಿಗಳು ಬಂಡೆಗಳನ್ನು ಅರೆದು ಸಾವಿರಾರು ವರ್ಷ ತಂದು ಸುರಿದ ಮೆಕ್ಕಲಿನ ಕಣಗಳ ಮೇಲೆ ತುಕ್ಕಿನಂಥ ಕಬ್ಬಿಣದ ಪದರವಿದೆ. ಆ ಪದರಕ್ಕೆ ಆರ್ಸೆನಿಕ್ ಅಂಟಿಕೊಂಡಿದೆ. ಮಣ್ಣಿನ ಜೊತೆ ಹೂತುಹೋದ ಎಲೆಕಸವನ್ನು ಸೂಕ್ಷ್ಮಜೀವಿಗಳು ತಿನ್ನುವಾಗ ನೆಲದಡಿ ಆಮ್ಲಜನಕ ತೀರುತ್ತದೆ. ಆಗ ಕಬ್ಬಿಣದ ಪದರ ಕರಗುತ್ತದೆ, ಆರ್ಸೆನಿಕ್ ನೀರಿಗೆ ಸೇರುತ್ತದೆ. ಈಚಿನ ಮೆಕ್ಕಲಿರುವ ಮೇಲಿನ ಪದರಗಳಲ್ಲಿ ಇದು ಹೆಚ್ಚು. ಸುಮಾರು 150 ಮೀಟರಿಗಿಂತ ಆಳದ ಹಳೆಯ ಪದರಗಳ ನೀರು ಸಾಮಾನ್ಯವಾಗಿ ಸುರಕ್ಷಿತ.

ಬಾಂಗ್ಲಾದಲ್ಲಿ ಇದು ಮೊದಲು ಪತ್ತೆಯಾದದ್ದು 1993ರಲ್ಲಿ, ಚಪಾಯ್ ನವಾಬಗಂಜ್ ಜಿಲ್ಲೆಯಲ್ಲಿ. ಪಕ್ಕದ ಪಶ್ಚಿಮ ಬಂಗಾಳದಲ್ಲಿ ಅದಕ್ಕೂ ಹಿಂದೆಯೇ ರೋಗಿಗಳು ಸಿಕ್ಕಿದ್ದರು. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಎರಡೂ ಕಡೆಯ ನೀರನ್ನು ಪರೀಕ್ಷಿಸಿ ವರ್ಷಗಟ್ಟಲೆ ಎಚ್ಚರಿಸಿದರು. ದೇಶಮಟ್ಟದ ಸಮೀಕ್ಷೆ ನಡೆದಾಗ ಮೇಲ್ಪದರದ ಬಾವಿಗಳಲ್ಲಿ ನೂರಕ್ಕೆ 27ರಷ್ಟು ಬಾಂಗ್ಲಾದ ಮಿತಿಯನ್ನೇ, ಅಂದರೆ ಲೀಟರಿಗೆ 50 ಮೈಕ್ರೋಗ್ರಾಂ ಅನ್ನು ಮೀರಿದ್ದವು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಇನ್ನೂ ಕಡಿಮೆ, 10 ಮಾತ್ರ. ಅಂಥ ನೀರು ಕುಡಿದವರಿಗೆ ಎದೆಯ ಮೇಲೆ ಕಪ್ಪು ಬಿಳಿ ಚುಕ್ಕೆ, ಅಂಗೈ ಅಂಗಾಲಲ್ಲಿ ಗಟ್ಟಿ ಗಂಟು, ವರ್ಷಗಳು ಕಳೆದಂತೆ ಶ್ವಾಸಕೋಶದ, ಮೂತ್ರಕೋಶದ ಕ್ಯಾನ್ಸರ್.

ಆಮೇಲೆ ಬಂತು ಬಣ್ಣ. 2000ದ ನಂತರದ ಕೆಲವೇ ವರ್ಷಗಳಲ್ಲಿ ಸುಮಾರು 50 ಲಕ್ಷ ಬಾವಿಗಳ ನೀರನ್ನು ಸ್ಥಳದಲ್ಲೇ ಪರೀಕ್ಷಿಸಿ ಪಂಪಿನ ಬಾಯಿಗೆ ಬಣ್ಣ ಬಳಿದರು. ಮಿತಿಯೊಳಗಿದ್ದರೆ ಹಸಿರು, ಮೀರಿದ್ದರೆ ಕೆಂಪು. ಕೆಂಪು ಪಂಪಿನ ನೀರು ಬಟ್ಟೆ ಒಗೆಯಲು, ಮೈ ತೊಳೆಯಲು ಆಗುತ್ತದೆ. ಕುಡಿಯಲು, ಅಡುಗೆಗೆ ಬೇಡ.

ಮಣ್ಣಿನ ಪಾಠ ಇಲ್ಲಿ ಸಮಾಜದ ಪಾಠ ಆಗುತ್ತದೆ. ಢಾಕಾದ ಪೂರ್ವಕ್ಕಿರುವ ಅರೈಹಾಜಾರ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಸಾವಿರಾರು ಬಾವಿಗಳನ್ನು ಅಳೆದಾಗ ಒಂದು ವಿಷಯ ಸ್ಪಷ್ಟವಾಯಿತು: ಒಂದು ಮನೆಯ ಪಂಪು ಕೆಂಪಾದರೆ ಪಕ್ಕದ ಮನೆಯದು ಹಸಿರಿರಬಹುದು. ಹಲವರಿಗೆ ನೂರು ಮೀಟರಿನೊಳಗೇ ಒಳ್ಳೆಯ ನೀರಿತ್ತು. ಆದರೆ ಆ ಪಂಪು ಇನ್ನೊಬ್ಬರ ಅಂಗಳದಲ್ಲಿತ್ತು. ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಕೊಡ ತುಂಬಬೇಕಾದವಳು ಕೆಂಪು ಪಂಪಿನ ಮನೆಯ ಸೊಸೆ. ನೆರೆಮನೆಯವರೊಂದಿಗೆ ಜಗಳವಿದ್ದರೆ? ಅವರು ಗೇಟು ಹಾಕಿದರೆ? ಮೈಮೇಲೆ ಚುಕ್ಕೆ ಬಂದ ಹುಡುಗಿಗೆ ಅಂಟುರೋಗ ಎಂದು ಮದುವೆಯೇ ತಪ್ಪಿದರೆ? ಆಳದ ಸರ್ಕಾರಿ ಬಾವಿ ಯಾರ ಮನೆಯ ಹತ್ತಿರ ಕೊರೆಸಬೇಕು ಎಂದು ತೀರ್ಮಾನಿಸುವವರು ಯಾರು? ಹ್ಯೂಮನ್ ರೈಟ್ಸ್ ವಾಚ್ 2016ರ ವರದಿಯಲ್ಲಿ, ಇಂಥ ಬಾವಿಗಳು ಅಗತ್ಯ ಇದ್ದಲ್ಲಿಗಿಂತ ಪ್ರಭಾವಿಗಳ ಬೆಂಬಲಿಗರ ಮನೆ ಹತ್ತಿರ ಹೋಗುತ್ತಿವೆ ಎಂದು ಆರೋಪಿಸಿತು. ಸುಮಾರು 2 ಕೋಟಿ ಜನ ಇನ್ನೂ ಮಿತಿ ಮೀರಿದ ನೀರು ಕುಡಿಯುತ್ತಿದ್ದಾರೆ ಎಂದೂ ಹೇಳಿತು.

ಇದನ್ನು ‘ಕುಡಿಯುವ ನೀರಿನ ಸಮಸ್ಯೆ’ ಎಂಬ ಒಂದೇ ಸಾಲಿನಲ್ಲಿ ಬರೆದುಬಿಟ್ಟರೆ ಮಗುವಿಗೆ ಭೂವಿಜ್ಞಾನವೂ ಸಿಗುವುದಿಲ್ಲ, ಸಮಾಜವೂ ಸಿಗುವುದಿಲ್ಲ.

ಎಲ್ಲವೂ ದೇಶದ ಗಡಿಯೊಳಗೇ ಹುಟ್ಟುವುದಿಲ್ಲ ಎಂಬುದನ್ನೂ ತರಗತಿ ಕಲಿಯಬೇಕು. ಬಾಂಗ್ಲಾದ ರಫ್ತು ಗಳಿಕೆಯಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಸಿದ್ಧ ಉಡುಪಿನದು. 2013ರ ಏಪ್ರಿಲ್ 24ರಂದು ಸಾವರ್‌ನ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಹಿಂದಿನ ದಿನವೇ ಗೋಡೆ ಬಿರುಕುಬಿಟ್ಟಿತ್ತು. ಅದೇ ಕಟ್ಟಡದಲ್ಲಿದ್ದ ಬ್ಯಾಂಕು ತನ್ನ ಸಿಬ್ಬಂದಿಯನ್ನು ಮನೆಗೆ ಕಳಿಸಿತ್ತು. ಹೊಲಿಗೆ ಕೆಲಸದವರನ್ನು ಮಾತ್ರ ಮರುದಿನ ಒಳಗೆ ಕರೆದರು. ಅಲ್ಲಿ ಹೊಲಿದ ಬಟ್ಟೆ ಹೋಗುತ್ತಿದ್ದುದು ಯುರೋಪು, ಅಮೆರಿಕದ ಅಂಗಡಿಗಳಿಗೆ. ಈ ಪಾಠ ಓದುವ ಇಂಗ್ಲೆಂಡಿನ ವಿದ್ಯಾರ್ಥಿ ತನ್ನ ಅಂಗಿಯ ಕಾಲರಿನ ಚೀಟಿ ನೋಡಿಕೊಂಡರೆ ಸಮಸ್ಯೆ ಬರೀ ‘ಅವರದು’ ಅಲ್ಲ ಎಂಬುದು ತಿಳಿಯುತ್ತದೆ.

ಕರ್ನಾಟಕದ ಮಕ್ಕಳಿಗಂತೂ ಆರ್ಸೆನಿಕ್ ಪಾಠ ತೀರಾ ಹತ್ತಿರದ್ದು. ಪಾವಗಡ, ಬಾಗೇಪಲ್ಲಿ, ಕೋಲಾರದ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಹಲ್ಲಿನ ಮೇಲೆ ಕಂದು ಪಟ್ಟೆ, ಬಾಗಿದ ಕಾಲು, ನೆಟ್ಟಗಾಗದ ಬೆನ್ನು ಅಲ್ಲಿನವರಿಗೆ ಗೊತ್ತಿರುವ ನೋವು. ಇಲ್ಲಿಯೂ ವಿಷದ ಮೂಲ ಬಂಡೆಯೇ, ಆದರೆ ಕಥೆ ತಿರುವುಮುರುವು: ಬಾಂಗ್ಲಾದಲ್ಲಿ ಆಳಕ್ಕೆ ಹೋದರೆ ಒಳ್ಳೆಯ ನೀರು, ಈ ಗ್ರಾನೈಟ್ ನೆಲದಲ್ಲಿ ಕೆರೆ, ತೆರೆದ ಬಾವಿ ಬತ್ತಿ ಆಳದ ಬೋರಿಗೆ ಇಳಿದಷ್ಟೂ ಫ್ಲೋರೈಡಿನ ಕಾಟ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಆಳ ಎಂಬುದಕ್ಕೆ ಒಂದೇ ಅರ್ಥ ಇಲ್ಲ, ಕೆಳಗಿರುವ ಕಲ್ಲು ಮಣ್ಣು ನೋಡಿಯೇ ಮಾತಾಡಬೇಕು ಎಂದು ಮಕ್ಕಳೇ ಹೇಳುತ್ತಾರೆ.

ಇದಕ್ಕೆ ದೊಡ್ಡ ಸಾಮಗ್ರಿ ಬೇಕಿಲ್ಲ. ಜಲಜೀವನ್ ಮಿಷನ್ ಅಡಿ ಹಳ್ಳಿಗಳಲ್ಲಿ ನೀರು ಪರೀಕ್ಷೆಯ ಕಿಟ್ ಕೊಟ್ಟು ಮಹಿಳೆಯರಿಗೆ ತರಬೇತಿ ಕೊಡಲಾಗಿದೆ. ಅವರಲ್ಲಿ ಒಬ್ಬರನ್ನು ಶಾಲೆಗೆ ಕರೆಸಬಹುದು. ಮಕ್ಕಳು ತಮ್ಮ ಮನೆಯ ನೀರನ್ನು ಬಾಟಲಿಯಲ್ಲಿ ತರಲಿ, ಬಾಟಲಿಯ ಮೇಲೆ ಬಾವಿಯ ಜಾಗ, ಆಳ, ಕೊರೆದ ವರ್ಷ ಬರೆದಿರಲಿ. ಕಿಟ್ಟಿನಲ್ಲಿ ಬಂದ ಬಣ್ಣವನ್ನು ಊರಿನ ನಕ್ಷೆಯ ಮೇಲೆ ಚುಕ್ಕೆಯಾಗಿ ಇಡಲಿ. ಆಮೇಲೆ ಆ ನಕ್ಷೆ ನೋಡುತ್ತ ಬಾಂಗ್ಲಾಕ್ಕೆ ಕೇಳಿದ ನಾಲ್ಕು ಪ್ರಶ್ನೆಗಳನ್ನೇ ತಮ್ಮೂರಿಗೂ ಕೇಳಲಿ. ಶುದ್ಧ ನೀರಿನ ಘಟಕ ಯಾವ ಬೀದಿಯಲ್ಲಿದೆ, ಅಲ್ಲಿಂದ ಕ್ಯಾನು ಹೊರುವವರು ಯಾರು, ಯಾವ ಕೇರಿಗೆ ಅದು ದೂರ ಎಂಬುದೂ ಅದೇ ನಕ್ಷೆಗೆ ಬರಲಿ. ಕೊನೆಗೆ ಅದರ ಒಂದು ಪ್ರತಿ ಗ್ರಾಮ ಪಂಚಾಯಿತಿಗೆ ಹೋಗಲಿ.