ಹಚ್ಚೆ ಅಂಗಡಿಗೆ ಪರವಾನಗಿ, ಪ್ರತಿಯೊಬ್ಬರಿಗೂ ಹೊಸ ಸೂಜಿ



ಸಂಘದ ಸಾಲದಲ್ಲಿ ಕಿವಿ ಚುಚ್ಚುವ, ಹಚ್ಚೆ ಹಾಕುವ ಅಂಗಡಿ ಇಡಬಹುದಾ ಅಂತ ಕೇಳುತ್ತೀರಿ. ಇಡಬಹುದು. ಮೊದಲು ಗ್ರಾಮ ಪಂಚಾಯತಿಯಿಂದ, ಪೇಟೆಯಲ್ಲಾದರೆ ಪುರಸಭೆಯಿಂದ ವ್ಯಾಪಾರ ಪರವಾನಗಿ ಪಡೆಯೋಣ. ಬ್ಯಾಂಕ್ ಸಾಲಕ್ಕೆ ಉದ್ಯಮ್ ನೋಂದಣಿ ಅನುಕೂಲ. 2020ರಲ್ಲಿ ಶುರುವಾದ ಈ ನೋಂದಣಿಗೆ ಶುಲ್ಕವಿಲ್ಲ. ಮಧ್ಯವರ್ತಿಗಳಿಗೆ ದುಡ್ಡು ಕೊಡಬೇಡಿ.

ಆದರೆ ಪರವಾನಗಿಯನ್ನು ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ನಮ್ಮ ಜವಾಬ್ದಾರಿ ಮುಗಿಯೋದಿಲ್ಲ. ಒಬ್ಬರಿಗೆ ಚುಚ್ಚಿದ ಸೂಜಿಯನ್ನೇ ಇನ್ನೊಬ್ಬರಿಗೆ ಬಳಸಿದರೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಹರಡಬಹುದು. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ 7 ದಿನವಾದರೂ ಬದುಕಿರಬಲ್ಲದು. ಸೂಜಿ ಒರೆಸಿದರೆ ಸಾಲದು. ಪ್ರತಿಯೊಬ್ಬರಿಗೂ ಹೊಸ ಸೂಜಿ, ಬಣ್ಣಕ್ಕೆ ಬೇರೆ ಬಟ್ಟಲು, ಬಳಸಿದ ಸೂಜಿಗೆ ಗಟ್ಟಿ ಡಬ್ಬಿ ಇರಲಿ. ಚುಚ್ಚುವವರೂ ಹೆಪಟೈಟಿಸ್ ಬಿ ಲಸಿಕೆಯ 3 ಡೋಸ್ ಹಾಕಿಸಿಕೊಳ್ಳಿ. ಸೂಜಿಯ ಖರ್ಚನ್ನು ದರದಲ್ಲೇ ಸೇರಿಸೋಣ. ಅದರಲ್ಲಿ ಉಳಿತಾಯ ಬೇಡ.