ನಾನು ಓದಿದ ಮೂರು ಪುಸ್ತಕಗಳು

(ಗಿರಣಿ ಕಾರ್ಮಿಕರ ವಾಚನಾಲಯದಲ್ಲಿ ಮಾಡಿದ ಭಾಷಣ)



ವಾಚನಾಲಯಕ್ಕೆ ಈ ಸಲ ಯಾವ ಪುಸ್ತಕ ಕೊಳ್ಳಬೇಕೆಂಬ ಚರ್ಚೆ ನಡೆದಿದೆ. ಚಂದಾ ಹಣ ನಿಮ್ಮದು. ಕೂಲಿಯಿಂದ ಬಂದದ್ದು, ಅಂಗಡಿಯ ಗಲ್ಲಾದಿಂದ ಬಂದದ್ದು. ದುಂದು ಸಲ್ಲದು, ನಿಜ. ಆದರೆ ಸಿದ್ಧಾಂತದ ಪುಸ್ತಕಗಳಷ್ಟೇ ಸಾಕು, ಕತೆ ಕಾದಂಬರಿಗಳೆಲ್ಲ ಹೊಟ್ಟೆ ತುಂಬಿದವರಿಗೆ ಎಂದು ಕೆಲವರು ಹೇಳುವುದನ್ನು ನಾನು ಒಪ್ಪಲಾರೆ. ಏಕೆಂಬುದನ್ನು ಈಚೆಗೆ ಓದಿದ ಮೂರು ಪುಸ್ತಕಗಳ ಮೂಲಕವೇ ಹೇಳುತ್ತೇನೆ.

ಮೊದಲನೆಯದು ನಿರಂಜನರ ಕಾದಂಬರಿ 'ಚಿರಸ್ಮರಣೆ', 1955ರದು. ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಯ್ಯೂರಿನಲ್ಲಿ ರೈತರು ಜಮೀನ್ದಾರರಿಗೆ ಎದುರು ನಿಂತ ಕಥೆ. 1941ರಲ್ಲಿ ಒಬ್ಬ ಪೊಲೀಸಿನವನು ಹೊಳೆಯಲ್ಲಿ ಮುಳುಗಿ ಸತ್ತ. ಆ ಮೊಕದ್ದಮೆಯಲ್ಲಿ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಬರೆದವರ ಪಕ್ಷ ನಮ್ಮದಲ್ಲ; ಇರಲಿ. ಅಪ್ಪು, ಚಿರುಕಂಡ ಎಂಬ ಹುಡುಗರು ತಮ್ಮ ಮಾಸ್ತರರಿಂದ ಪ್ರಶ್ನೆ ಕೇಳಲು ಕಲಿಯುವ ಭಾಗ ನನಗೆ ಎಲ್ಲಕ್ಕಿಂತ ಹಿಡಿಸಿತು. ನಾನೂ ಮೇಷ್ಟ್ರಾಗಿದ್ದವನು, ಪಕ್ಷಪಾತವೆಂದರೂ ಸರಿಯೆ. ಹೋರಾಟಗಾರರ ಒಳಗಿನ ಅಳುಕು, ಒಡಕು ಇನ್ನಷ್ಟು ಕಾಣಬೇಕಿತ್ತು. ಮುಷ್ಕರ ಎರಡನೆಯ ವಾರಕ್ಕೆ ಬಿದ್ದಾಗ ಮನೆಯೊಳಗೆ ಏನೇನು ಮಾತು ಏಳುತ್ತದೆಂಬುದು ನಿಮಗೆ ಗೊತ್ತು.

ಎರಡನೆಯದು ಸಿದ್ದಲಿಂಗಯ್ಯನವರ ಆತ್ಮಕಥೆ 'ಊರುಕೇರಿ'. 1954ರಲ್ಲಿ ಮಾಗಡಿ ಸೀಮೆಯ ದಲಿತ ಕೇರಿಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಓದಿ ಕವಿಯಾದವರು; 2021ರಲ್ಲಿ ತೀರಿಕೊಂಡರು. ಅದರಲ್ಲಿ ಒಂದು ನೋಟವಿದೆ. ಹೊಲದಲ್ಲಿ ನೊಗಕ್ಕೆ ಎತ್ತುಗಳಿಲ್ಲ, ಇಬ್ಬರು ಮನುಷ್ಯರು ಹೆಗಲು ಕೊಟ್ಟಿದ್ದಾರೆ. ಹಿಂದೆ ಇನ್ನೊಬ್ಬ ಉಳುತ್ತಿದ್ದಾನೆ. ಆ ಇಬ್ಬರಲ್ಲಿ ಒಬ್ಬರು ನೋಡುತ್ತಿರುವ ಹುಡುಗನ ತಂದೆ. ಕಾರಂತರ 1933ರ 'ಚೋಮನ ದುಡಿ'ಯನ್ನು ನಿಮ್ಮಲ್ಲಿ ಹಲವರು ಓದಿದ್ದೀರಿ; ಓದದವರು 1975ರ ಸಿನಿಮಾ ನೋಡಿದ್ದೀರಿ. ಚೋಮನಿಗೆ ಎತ್ತುಗಳಿದ್ದವು, ಉಳಲು ನೆಲವಿರಲಿಲ್ಲ. ಇಲ್ಲಿ ಮನುಷ್ಯನೇ ಎತ್ತು. ಕಾರಂತರು ಮರುಕದಿಂದ ಹೊರಗೆ ನಿಂತು ಕಂಡದ್ದನ್ನು ಇವರು ಒಳಗಿನಿಂದ ಹೇಳುತ್ತಾರೆ. ಆಶ್ಚರ್ಯವೆಂದರೆ ಗೋಳಾಡುವುದಿಲ್ಲ, ನಗಿಸುತ್ತಾರೆ! ಹೊಟ್ಟೆ ಹಿಡಿದು ನಕ್ಕ ಮೇಲೆ, ಯಾತಕ್ಕೆ ನಕ್ಕೆನೆಂದು ಯೋಚಿಸಿದರೆ ಗಂಟಲು ಕಟ್ಟುತ್ತದೆ.

ಕಟುವಾಗಿ ಒಂದು ಮಾತು ಹೇಳುತ್ತೇನೆ, ಬೇಸರ ಬೇಡ. ಸಂಘದ ಕಚೇರಿಯಲ್ಲಿ ಜೊತೆಗೆ ಕೂತು ಚಹಾ ಕುಡಿದು, ಅದೇ ಗೆಳೆಯ ಮನೆಗೆ ಬಂದರೆ ಜಗಲಿಯಲ್ಲೇ ನಿಲ್ಲಿಸಿ ಮಾತನಾಡಿಸುವವರು ನಮ್ಮೊಳಗೂ ಇದ್ದಾರೆ. ಜಾತಿವಿನಾಶದ ಕರಪತ್ರಗಳನ್ನು ಅವರು ಕಂತೆಗಟ್ಟಲೆ ಹಂಚಿದ್ದಾರೆ, ಜಗಲಿ ಮಾತ್ರ ಹಾಗೇ ಇದೆ. ಅವರ ಕೈಗೆ 'ಊರುಕೇರಿ' ಕೊಟ್ಟು ನೋಡೋಣವೆಂಬುದು ನನ್ನ ಸೂಚನೆ.

ಮೂರನೆಯದು ಬಿ.ಜಿ.ಎಲ್. ಸ್ವಾಮಿಯವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'. ಸಸ್ಯಶಾಸ್ತ್ರದ ಪ್ರೊಫೆಸರರ ಬರಹವೆಂದು ಹೆದರಬೇಡಿ. ಹರಟೆಯ ಹಾಗೆ ಓದಿಸಿಕೊಂಡು ಹೋಗುತ್ತದೆ. ಪೇಟೆಯ ಅಂಗಡಿಯವರು ಇದನ್ನು ಓದಲೇಬೇಕು. ಮೆಣಸಿನಕಾಯಿ, ಶೇಂಗಾ, ಆಲೂಗಡ್ಡೆ, ಟೊಮೇಟೊ ಯಾವುದೂ ಈ ನೆಲದ ಮೂಲದ್ದಲ್ಲ. ಅಮೆರಿಕ ಖಂಡಗಳಿಂದ ಪೋರ್ಚುಗೀಸರೇ ಮೊದಲಾದವರ ಹಡಗುಗಳಲ್ಲಿ ಬಂದವು. 1498ಕ್ಕೆ ಮುಂಚೆ ನಮ್ಮವರ ಸಾರಿಗೆ ಖಾರ ಕೊಟ್ಟದ್ದು ಕರಿಮೆಣಸು. ಹೊಸಕಾಯಿ ಬಂದಾಗ ಹಳೆಯ ಹೆಸರಿಗೆ 'ಕಾಯಿ' ಸೇರಿಸಿ ನಮ್ಮದಾಗಿಸಿಕೊಂಡೆವು. ಇಂದು ಬ್ಯಾಡಗಿಯ ಪೇಟೆ ನಡೆಯುವುದೇ ಅದರಿಂದ. ನನ್ನ ಕಡೆಯಿಂದ ಒಂದನ್ನು ಸೇರಿಸುತ್ತೇನೆ: ಇಂದಿನ ಗಿರಣಿಗಳು ನೂಲುವ ಅರಳೆಯ ಬಹುಪಾಲೂ ಅಮೆರಿಕ ಮೂಲದ ಹತ್ತಿಯದೇ. ಹೊರಗಿನವರು, ಒಳಗಿನವರು ಎಂದು ಪೇಟೆಯಲ್ಲಿ ಜಗಳವೆದ್ದಾಗ ಈ ಪುಸ್ತಕ ಜೇಬಿನಲ್ಲಿರಲಿ.

ಮೂರೂ ಪುಸ್ತಕಗಳು ಮೇಜಿನ ಮೇಲಿವೆ. ಒಬ್ಬರಿಗೆ ಎಂಟು ದಿನ. ರಾತ್ರಿ ಪಾಳಿಯವರು ಈಗಲೇ ಹೊರಡಬೇಕು, ಮೊದಲು ಅವರು ಹೆಸರು ಬರೆಸಲಿ.