ಕನ್ನಡದಲ್ಲಿ ಕೇಳಿದರೆ ಅವಳಿಗೆ ಗೊತ್ತಾಗುತ್ತಿತ್ತು

(ಪುಟ್ಟಿಯ ನೆನಪಿಗೆ ಸೇರಿದ್ದ ಸಭೆಯಲ್ಲಿ ನಮ್ಮ ಬಳಗದ ಪರವಾಗಿ ಆಡಿದ ಮಾತು)

 

ಪುಟ್ಟಿ ತೀರಿಕೊಂಡದ್ದು 2021ರಲ್ಲಿ. ಆಗ ಅವಳಿಗೆ 14 ವರ್ಷ. ಪುಟ್ಟಿ ಅನ್ನುವುದು ಮನೆಯಲ್ಲಿ ಕರೆಯುವ ಹೆಸರು, ನಿಜ ಹೆಸರು ಹೇಳುವುದು ಬೇಡ ಅಂತ ಅವಳ ಅಮ್ಮ ಅಂದಿದ್ದಾರೆ. ಇಲ್ಲಿ ಫೋಟೋ ಕೂಡ ಇಟ್ಟಿಲ್ಲ. ನಮ್ಮ ಎಣ್ಮಕಜೆ ಕಡೆಯ ಮಕ್ಕಳ ಫೋಟೋಗಳು ಲೋಕವೆಲ್ಲ ಸುತ್ತಿ ಬಂದಾಗಿದೆ. ಅದರಿಂದ ಉಪಕಾರವೂ ಆಯಿತು, ಇಲ್ಲ ಅನ್ನುವುದಿಲ್ಲ. ಆದರೆ ಆ ಫೋಟೋಗಳಲ್ಲಿ ಕಾಯಿಲೆ ಕಾಣುತ್ತದೆ, ಮಗು ಕಾಣುವುದಿಲ್ಲ.

ಮಗು ಹೇಗಿದ್ದಳು? ನಡೆಯಲಿಕ್ಕೆ ಆಗುತ್ತಿರಲಿಲ್ಲ, ಮಾತು ಬರುತ್ತಿರಲಿಲ್ಲ, ಆಗಾಗ ಅಪಸ್ಮಾರ ಬರುತ್ತಿತ್ತು. ಎಡಗೈ ಮಾತ್ರ ಹೇಳಿದ ಹಾಗೆ ಕೇಳುತ್ತಿತ್ತು. ಅಮ್ಮ ಬೀಡಿ ಕಟ್ಟುವಾಗ ಪಕ್ಕದಲ್ಲಿ ಒರಗಿ ಕೂತು, ಆ ಎಡಗೈಯಿಂದ ಮೊರದಲ್ಲಿದ್ದ ಎಲೆಯನ್ನು ಒಂದೊಂದೇ ಎಳೆದು ಕೆಳಗೆ ಹಾಕುವುದು ಅವಳ ದಿನದ ಕೆಲಸ. ಅಮ್ಮ ಬೈದರೆ ನಗು. ಮಿಕ್ಸಿಯ ಶಬ್ದ ಆಗುತ್ತಿರಲಿಲ್ಲ. ಚೆಂಡೆ ಆದರೆ ಎಷ್ಟು ಜೋರಾದರೂ ಬೇಕು. ಊರಲ್ಲಿ ದೇವಿ ಮಹಾತ್ಮೆ ಆಟ ಇದ್ದರೆ ಅಪ್ಪ ಹೆಗಲ ಮೇಲೆ ಹೊತ್ತುಕೊಂಡು ಗುಡ್ಡ ಇಳಿಯುತ್ತಿದ್ದರು. ಮಹಿಷಾಸುರ ದೀವಟಿಗೆ ಹಿಡಿಸಿಕೊಂಡು ಜನರ ನಡುವಿನಿಂದ ಬರುವಾಗ ಉಳಿದ ಮಕ್ಕಳು ಹೆದರಿ ಅಮ್ಮಂದಿರ ಸೆರಗು ಹಿಡಿದರೆ, ಇವಳು ಕೇಕೆ ಹಾಕಿ ನಗುತ್ತಿದ್ದಳು. ಅಪ್ಪನ ಲೆಕ್ಕದಲ್ಲಿ ಅವಳು ನೋಡಿದ್ದು 11 ಆಟ. ಮಗಳ ಬಗ್ಗೆ ಅವರು ಇಟ್ಟ ಲೆಕ್ಕ ಅದೊಂದೇ.

ಗೇರು ತೋಟದ ಕತೆ ನಿಮಗೆಲ್ಲ ಗೊತ್ತುಂಟು. ಪ್ಲಾಂಟೇಶನ್ ಕಾರ್ಪೊರೇಶನ್ನಿನ ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸಿದರು. ನಮ್ಮ ಮನೆಗಳು ತೋಟದ ಕೆಳಗೆ, ಕುಡಿಯುವ ನೀರು ಗುಡ್ಡ ಕೊರೆದ ಸುರಂಗದಿಂದ. ಮೇಲೆ ಬಿದ್ದದ್ದು ಕೆಳಗೆ ಬರದೆ ಎಲ್ಲಿಗೆ ಹೋಗುತ್ತದೆ, ಹೇಳಿ? ಪುಟ್ಟಿ ಹುಟ್ಟಿದ್ದು ಸಿಂಪಡಣೆ ನಿಂತ ಮೇಲೆ. ಆದರೂ ಅವಳ ಹೆಸರು ಸಂತ್ರಸ್ತರ ಪಟ್ಟಿಯಲ್ಲಿತ್ತು. 5 ಲಕ್ಷ ಪರಿಹಾರ ಕೊಡಿ ಅಂತ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಹೇಳಿತು. ಆ ಮನೆಗೆ ದುಡ್ಡು ಬರುವಾಗ ಪುಟ್ಟಿ ಇರಲಿಲ್ಲ.

ಒಂದು ವಿಷಯ ಯುವಕರು ಗಮನಿಸಬೇಕು. ಕರುಗಳು ಊನವಾಗಿ ಹುಟ್ಟುತ್ತಿವೆ ಅಂತ ಮೊದಮೊದಲು ಬರೆದವರು ನಮ್ಮವರೇ ಆದ ಪತ್ರಕರ್ತ ಶ್ರೀ ಪಡ್ರೆ. ಮನುಷ್ಯರಲ್ಲೂ ಏನೋ ಸರಿಯಿಲ್ಲ ಅಂತ ಗುರುತಿಸಿ ಹೊರಗೆ ತಿಳಿಸಿದವರು ಇಲ್ಲಿಯೇ ಮದ್ದು ಕೊಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್. ದೊಡ್ಡ ಪ್ರಯೋಗಾಲಯದವರು ಬಂದದ್ದು ಆಮೇಲೆ. ಅಜ್ಜಿಯಂದಿರು ಜಗಲಿಯಲ್ಲಿ ಕೂತು ಕನ್ನಡದಲ್ಲಿ, ತುಳುವಿನಲ್ಲಿ ಹೇಳಿದ್ದು ಇವರಿಬ್ಬರಿಗೆ ಅರ್ಥವಾಗುತ್ತಿತ್ತು.

ಇನ್ನು ಆ ಶಿಬಿರದ ಮಾತು. ಪುಟ್ಟಿಗೆ ಆಗ ಆರು ವರ್ಷ. ಹೊರಗಿನಿಂದ ವೈದ್ಯರು ಬಂದಿದ್ದರು. ನಮ್ಮಲ್ಲೊಬ್ಬರು ಜತೆಗೆ ಹೋಗಿದ್ದರು. ವೈದ್ಯರು ಮಗುವಿನ ಮುಖ ನೋಡಿ ಪ್ರೀತಿಯಿಂದಲೇ ಕೇಳಿದರು, "ಚೆವಿ ಎವಿಡೆ?" ಪುಟ್ಟಿ ಸುಮ್ಮನೆ ಅವರನ್ನೇ ನೋಡಿದಳು. ಮತ್ತೆ ಕೇಳಿದರು. ಮೂರನೆಯ ಸಲ ಕೇಳಿ, ಹೇಳಿದ್ದು ಅರ್ಥವಾಗುವುದಿಲ್ಲ ಅಂತ ಕಾಗದದಲ್ಲಿ ಬರೆದರು. ಅಮ್ಮನಿಗೆ ಮಲಯಾಳ ಬರುತ್ತಿರಲಿಲ್ಲ, ಅವರು ಎಂತ ಬರೆದರು ಅಂತಲೂ ತಿಳಿಯಲಿಲ್ಲ. ನಮ್ಮವರು, "ಸಾರ್, ಒಂದು ನಿಮಿಷ" ಅಂದು ಅಮ್ಮನ ಹತ್ತಿರ ಕೇಳಿಸಿದರು. "ಪುಟ್ಟೀ, ಕಿವಿ ಎಲ್ಲಿ?" ಎಡಗೈ ನಿಧಾನಕ್ಕೆ ಎದ್ದಿತು. ಕಿವಿ ಮುಟ್ಟಿತು. ಮೂಗು ಎಲ್ಲಿ ಅಂದರೆ ಮೂಗು. ಅಪ್ಪ ಎಲ್ಲಿ ಅಂದಾಗ ಬಾಗಿಲಿನ ಕಡೆ ತಿರುಗಿದಳು, ಅಪ್ಪ ಹೊರಗೆ ಸಾಲಿನಲ್ಲಿ ನಿಂತಿದ್ದರು.

ವೈದ್ಯರು ಬರೆದದ್ದನ್ನು ಹೊಡೆದು ಹಾಕಿ ಬೇರೆ ಬರೆದರು. ಒಳ್ಳೆಯ ಮನುಷ್ಯ. ಬೇರೆ ಬರೆದದ್ದರಿಂದಲೇ ಅವಳಿಗೆ ಫಿಸಿಯೋಥೆರಪಿಯ ಜತೆ ಸ್ಪೀಚ್ ಥೆರಪಿಗೂ ಚೀಟಿ ಸಿಕ್ಕಿತು. ಫಿಸಿಯೋ ಮಾಡಿಸುತ್ತಿದ್ದ ಹುಡುಗಿ "ಕೈ ಎತ್ತು, ಕಾಲು ಮಡಿಸು" ಅನ್ನುವ ನಾಲ್ಕು ಮಾತು ಕಲಿತುಕೊಂಡಳು. ಎರಡು ವರ್ಷದಲ್ಲಿ ಪುಟ್ಟಿ ಲೋಟ ಹಿಡಿದು ತಾನೇ ಗಂಜಿತಿಳಿ ಕುಡಿಯುವಷ್ಟಾದಳು. ಅಷ್ಟೇನಾ ಅಂತ ಕೇಳಬೇಡಿ. ಆ ಮನೆಯಲ್ಲಿ ಆ ದಿನ ಪಾಯಸ ಮಾಡಿದ್ದರು.

1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ನಾವು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಕಾಗದಕ್ಕೆ ಆ ಆಧಾರ ಉಂಟು, ಬಿಡಬೇಡಿ. ಆದರೆ ಪರೀಕ್ಷೆ ಮಾಡುವ ಕೋಣೆಯೊಳಗೆ ಕಾಯ್ದೆ ತಾನಾಗಿ ನಡೆದು ಬರುವುದಿಲ್ಲ ಮಾರಾಯ್ರೆ, ಯಾರಾದರೂ ಜತೆಗೆ ಹೋಗಬೇಕು. ಅಕ್ಕಲಕೋಟೆ, ಜತ್ತ, ಆದೋನಿ, ತಾಳವಾಡಿಯಿಂದ ಇದನ್ನು ಓದುವ ಗೆಳೆಯರೇ, ನಿಮ್ಮಲ್ಲಿ ಆ ಕೋಣೆಯ ಭಾಷೆ ಬೇರೆ ಇರಬಹುದು, ಅಷ್ಟೇ.

ಕನ್ನಡ ಅಂದ ಮಾತ್ರಕ್ಕೆ ಎಲ್ಲ ಸರಿಯಾಗುತ್ತದೆ ಅಂತಲೂ ನಾವು ಹೇಳುವುದಿಲ್ಲ. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದರಲ್ಲ, ಸುರಿದವರು ಕನ್ನಡ ಬಲ್ಲವರೇ. ಪುಟ್ಟಿಯ ಅಪಸ್ಮಾರದ ಮಾತ್ರೆ ಮಂಗಳೂರಿನಿಂದ ಬರಬೇಕಿತ್ತು. ಒಂಬತ್ತು ದಿನ ಬರಲಿಲ್ಲ. ಆ ಒಂಬತ್ತು ದಿನ ಅಮ್ಮ ಬೀಡಿ ಕಟ್ಟಲಿಲ್ಲ, ಮಗುವನ್ನು ಮಡಿಲಿನಿಂದ ಕೆಳಗೆ ಇಳಿಸಲಿಲ್ಲ. ಕೊನೆಗೆ ಮಾತ್ರೆ ತಂದುಕೊಟ್ಟದ್ದು ಕಾಸರಗೋಡಿನಿಂದ ಬೈಕಿನಲ್ಲಿ ಬಂದ ಇಬ್ಬರು ಮಲಯಾಳಿ ಹುಡುಗರು. ಅವರೂ ಇವತ್ತು ಬಂದಿದ್ದಾರೆ, ಹೆಸರು ಹೇಳಿದರೆ ಎದ್ದು ಹೋಗುತ್ತೇವೆ ಅಂತ ಹೆದರಿಸಿದ್ದಾರೆ.

ಈಗ ಕೆಲಸದ ಮಾತು. ಬರುವ ತಿಂಗಳು ಮತ್ತೆ ಶಿಬಿರ ಉಂಟು. ಕನ್ನಡ, ಮಲಯಾಳ ಎರಡೂ ಬರುವ ಆರು ಜನ ಬೇಕು, ತುಳುವೂ ಬಂದರೆ ಇನ್ನೂ ಒಳ್ಳೆಯದು. ಬೆಳಿಗ್ಗೆ ಎಂಟರಿಂದ ಸಂಜೆವರೆಗೆ ಮಕ್ಕಳ ಜತೆ ಕೋಣೆಯೊಳಗೆ ಇರಬೇಕು, ಬರೆದದ್ದನ್ನು ಅಮ್ಮಂದಿರಿಗೆ ಓದಿ ಹೇಳಬೇಕು. ಆಸ್ಪತ್ರೆಯ ಜಗಲಿಯಲ್ಲಿ ಕಾದು ಕಾದು ಪುಟ್ಟಿಯ ಅಮ್ಮನಿಗೆ ಈಗ ಮಲಯಾಳ ಚೆನ್ನಾಗಿ ಬರುತ್ತದೆ, ತಾನು ಬರುತ್ತೇನೆ ಅಂತ ಮೊನ್ನೆಯೇ ಹೆಸರು ಕೊಟ್ಟಿದ್ದಾರೆ. ಹಾಗಾಗಿ ಇನ್ನು ಐದು ಜನ. ಪುಸ್ತಕ ಬಾಗಿಲ ಹತ್ತಿರ ಮೇಜಿನ ಮೇಲೆ ಉಂಟು.